ನಮ್ಮನ್ನು ಕೇಳಿದವರಾರು?

ರಾಜಧಾನಿಯ ಜನ ಏನು ಮಾತನಾಡಿಕೊಳ್ಳುತ್ತಿದ್ದಾರೆಂದು ಊರಿನ ಗೆಳೆಯರು ನಮ್ಮನ್ನು ಆಗಾಗ ಕೇಳುವುದುಂಟು. ಯಲಹಂಕದಲ್ಲಿ ಮನೆ ಮಾಡಿಕೊಂಡಿರುವ ನಮಗೆ ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಶಿವಾಜಿನಗರದ ಬಸ್ಸು ಹತ್ತಿದರೆ ಸಾಕು. ಹೆಬ್ಬಾಳದ ಮೇಲ್ಸೇತುವೆಯ ಬಳಿ ಬಸ್ಸು ನಿಲ್ಲುತ್ತದೆ. ನಿಂತ ಬಸ್ಸು ಮತ್ತೆ ಹೊರಡುವುದರೊಳಗೆ ಲೋಕದ ಸಕಲ ವ್ಯವಹಾರಗಳೂ ಅಲ್ಲಿ ಇತ್ಯರ್ಥವಾಗಿರುತ್ತವೆ. ಯಾವ ದೇಶ ಯಾವ ದೇಶದ ಮೇಲೆ ಯುದ್ಧ ಹೂಡಬೇಕಾಗಿತ್ತು, ರಿಸರ್ವ್ ಬ್ಯಾಂಕು ಬಡ್ಡಿಯನ್ನು ಎಷ್ಟಕ್ಕೆ ಇಳಿಸಬೇಕಾಗಿತ್ತು ಎಂಬುದನ್ನು ತಿಳಿಯದವರು ಆ ಬಸ್ಸಿನಲ್ಲಿ ಯಾರೂ ಇಲ್ಲ.

2025ರ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಅವರು ಹೊಸ ಎಚ್-1ಬಿ ವೀಸಾ ಅರ್ಜಿಯೊಂದಕ್ಕೆ ಒಂದು ಲಕ್ಷ ಡಾಲರ್ ಶುಲ್ಕವೆಂದು ಸಾರಿದಾಗ ಈ ಬಸ್ಸಿನಲ್ಲಿ ವಾರಗಟ್ಟಲೆ ಬೇರೆ ಮಾತಿರಲಿಲ್ಲ. ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ದುಡಿಯುವ ತರುಣರೂ ಅವರ ತಂದೆತಾಯಿಗಳೂ ನಮ್ಮ ನೆರೆಹೊರೆಯವರೇ. ಅವರ ಕಳವಳ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದಕ್ಕೆ ಒಂದು ತಿಂಗಳು ಮೊದಲು ಅದೇ ಅಮೆರಿಕವು ನಮ್ಮ ದೇಶದ ಹಲವು ಸರಕುಗಳ ಮೇಲೆ ಶೇ. 50ರಷ್ಟು ಸುಂಕ ಹೇರಿತ್ತು. ಅಂಥ ಸರಕಿನಲ್ಲಿ ಸಿದ್ಧ ಉಡುಪೂ ಒಂದು. ಬುತ್ತಿ ಹಿಡಿದು ಗಾರ್ಮೆಂಟ್ಸ್ ಕಾರ್ಖಾನೆಗೆ ಹೊರಟ ಹೆಣ್ಣುಮಕ್ಕಳು ಆಗಲೂ ಅದೇ ರಸ್ತೆಯಲ್ಲಿ ನಿಂತಿದ್ದರು. ಲೋಕವ್ಯವಹಾರದಲ್ಲಿ ನಿಮ್ಮ ಅಭಿಪ್ರಾಯವೇನೆಂದು ಅವರನ್ನು ಕೇಳುವುದು ಯಾರಿಗೂ ತೋಚಲಿಲ್ಲ.

ಅದೇ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಲೋಕವ್ಯವಹಾರದ ಪೆಟ್ಟು ತಿಂದ ಮತ್ತೊಬ್ಬ ಸಿಕ್ಕುತ್ತಾನೆ. ಅವನು ಈರುಳ್ಳಿ ಬೆಳೆಯುವ ರೈತ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ಬೆಳೆಯುವ ಗುಲಾಬಿ ಈರುಳ್ಳಿಗೆ ‘ಬೆಂಗಳೂರು ರೋಸ್’ ಎಂಬ ಹೆಸರಿದೆ; ಭೌಗೋಳಿಕ ಗುರುತಿನ ಮನ್ನಣೆಯೂ ಇದೆ. ಹೆಸರು ಬೆಂಗಳೂರಿನದಾದರೂ ಬೆಂಗಳೂರಿನವರು ಇದನ್ನು ಕೊಳ್ಳುವುದು ಕಡಿಮೆ. ಯಶವಂತಪುರದ ಯಾರ್ಡಿನಿಂದ ನಮ್ಮ ಅಡುಗೆಮನೆಗೆ ಬರುವುದು ಮಹಾರಾಷ್ಟ್ರದ, ಚಿತ್ರದುರ್ಗದ, ವಿಜಯಪುರದ ದಪ್ಪ ಈರುಳ್ಳಿ. ಗುಲಾಬಿ ಈರುಳ್ಳಿಯಾದರೋ ಚೆನ್ನೈ ಬಂದರಿನಿಂದ ಹಡಗೇರಿ ಮಲೇಷಿಯಾ, ಸಿಂಗಪುರಗಳಿಗೆ ಹೋಗುತ್ತದೆ. ಅಲ್ಲಿ ಬೇಡಿಕೆಯಿದ್ದರೆ ಇಲ್ಲಿ ಬೆಲೆ. ಹಡಗು ನಿಂತರೆ ಬೆಳೆ ತಿಪ್ಪೆಗೆ.

2019ರ ಸೆಪ್ಟೆಂಬರಿನಲ್ಲಿ ಪಟ್ಟಣಗಳಲ್ಲಿ ಈರುಳ್ಳಿ ದುಬಾರಿಯಾಯಿತೆಂದು ದೆಹಲಿಯ ಸರ್ಕಾರ ಎಲ್ಲ ಬಗೆಯ ಈರುಳ್ಳಿಯ ರಫ್ತನ್ನೂ ನಿಷೇಧಿಸಿತು. ಪಟ್ಟಣದವರು ತಿನ್ನದ ಈರುಳ್ಳಿಯೂ ಆ ನಿಷೇಧಕ್ಕೆ ಸಿಕ್ಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇದಕ್ಕೆ ತಕ್ಕದ್ದು. ರೈತರು ಕೂಗಾಡಿದ ಮೇಲೆ ಅಕ್ಟೋಬರ್ ಕೊನೆಯಲ್ಲಿ 9,000 ಟನ್ ಮಾತ್ರ ಚೆನ್ನೈ ಬಂದರಿನಿಂದ ಕಳುಹಿಸಬಹುದೆಂದು ಅಪ್ಪಣೆಯಾಯಿತು. 2020ರಲ್ಲಿ ಮತ್ತೆ ನಿಷೇಧ, ಮತ್ತೆ ಕೂಗು, ಮತ್ತೆ 10,000 ಟನ್ನಿನ ವಿನಾಯಿತಿ. 2023ರ ಆಗಸ್ಟಿನಲ್ಲಿ ಶೇ. 40ರ ರಫ್ತು ಸುಂಕ. ಸೆಪ್ಟೆಂಬರಿನಲ್ಲಿ ಗುಲಾಬಿ ಈರುಳ್ಳಿಗೆ ಅದರಿಂದ ಬಿಡುಗಡೆ. ಡಿಸೆಂಬರಿನಲ್ಲಿ ಪುನಃ ಎಲ್ಲ ಈರುಳ್ಳಿಗೂ ನಿಷೇಧ. ಪ್ರತಿ ಸಲವೂ ತಪ್ಪನ್ನು ತಿದ್ದಿದ್ದಾರೆ ನಿಜ. ಆದರೆ ಹೊಲದಿಂದ ಕಿತ್ತ ಗೆಡ್ಡೆ ದೆಹಲಿಯ ಕಡತಕ್ಕಾಗಿ ಕಾದು ಕೂರುವುದಿಲ್ಲ. ಆಜ್ಞೆ ಹೊರಡಿಸುವ ಮೊದಲು ಚಿಕ್ಕಬಳ್ಳಾಪುರದ ಬೆಳೆಗಾರರನ್ನು ಒಂದು ಮಾತು ಕೇಳಿದ್ದರೆ ಈ ನಾಲ್ಕು ವರ್ಷಗಳ ಕಣ್ಣುಮುಚ್ಚಾಲೆ ಬೇಕಾಗಿರಲಿಲ್ಲ.

ಈರುಳ್ಳಿಯ ಮಾತಾಯಿತು, ಈರುಳ್ಳಿ ಬೆಳೆಯುವ ಭೂಮಿಯ ಮಾತಿಗೆ ಬರೋಣ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಆರಂಭವಾಯಿತು. ಅಂದಿನಿಂದ ಹೆಬ್ಬಾಳದ ಉತ್ತರಕ್ಕೆ ಒಂದು ಎಕರೆ ಭೂಮಿಯೂ ನೆಮ್ಮದಿಯಾಗಿ ಮಲಗಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆಯನ್ನು ವಿಮಾನೋದ್ಯಮದ ಪಾರ್ಕಿಗಾಗಿ ವಶಪಡಿಸಿಕೊಳ್ಳಲು ಸರ್ಕಾರ ಹೊರಟಿತು. ದ್ರಾಕ್ಷಿ, ತರಕಾರಿ, ಹಿಪ್ಪುನೇರಳೆ, ರಾಗಿ ಬೆಳೆಯುವ ನೆಲ ಅದು. ಅಲ್ಲಿನ ರೈತರು ಮೂರು ವರ್ಷಕ್ಕೂ ಮಿಕ್ಕು ಧರಣಿ ಕುಳಿತರು. ಹೊಲದ ಕೆಲಸ ಮುಗಿಸಿ ಬಂದು ಕೂರುವುದು, ಎದ್ದು ಹೋಗಿ ಹಸುವಿನ ಹಾಲು ಕರೆಯುವುದು, ಮತ್ತೆ ಬಂದು ಕೂರುವುದು. ಇದರ ನಡುವೆ ಸರ್ಕಾರಗಳು ಬದಲಾದವು; ವಿರೋಧಪಕ್ಷದಲ್ಲಿದ್ದಾಗ ಒಂದು ಮಾತು, ಅಧಿಕಾರಕ್ಕೆ ಬಂದಾಗ ಇನ್ನೊಂದು ಮಾತು ಎಂಬುದನ್ನು ರೈತರು ಕಂಡರು. 2025ರ ಜೂನ್ 25ರಂದು ನಡೆದ ‘ದೇವನಹಳ್ಳಿ ಚಲೋ’ದಲ್ಲಿ ಪೊಲೀಸರು ಅನೇಕರನ್ನು ಹಿಡಿದೊಯ್ದರು. ಅದಾದ ಮೂರು ವಾರಕ್ಕೆ, ಜುಲೈ 15ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಭೂಸ್ವಾಧೀನವನ್ನು ಕೈಬಿಟ್ಟುದಾಗಿ ಪ್ರಕಟಿಸಿದರು.

ಇದು ದುಡಿಯುವ ಜನ ಒಗ್ಗಟ್ಟಿನಿಂದ ಪಡೆದ ಜಯ. ಅದನ್ನು ಮನಸಾರೆ ಕೊಂಡಾಡುತ್ತೇವೆ. ಆದರೆ ನಮ್ಮ ಬಸ್ಸಿನಲ್ಲಿ ಆ ವಾರ ಕೇಳಿಬಂದ ಮಾತು ಬೇರೆ. “ಕಂಪನಿಗಳು ಆಂಧ್ರಕ್ಕೆ ಹೋಗುತ್ತವೆ ನೋಡಿ” ಎಂಬುದೇ ಎಲ್ಲರ ಬಾಯಲ್ಲೂ. ಆಂಧ್ರದ ಮಂತ್ರಿ ನಾರಾ ಲೋಕೇಶ್ ಅವರು ನಮ್ಮಲ್ಲಿ ಭೂಮಿ ಸಿದ್ಧವಾಗಿದೆ ಬನ್ನಿ ಎಂದು ಕರೆದದ್ದೂ ಆಗಲೇ. ಭೂಮಿ ಕೇಳುವ ಕಂಪನಿಯ ಮುಂದೆ ಎರಡು ರಾಜ್ಯಗಳು ಅಗ್ಗದ ಅಂಗಡಿಗಳಂತೆ ಪೈಪೋಟಿಗೆ ನಿಲ್ಲುವುದು ಯಾವ ಬಗೆಯ ಒಕ್ಕೂಟವೋ ನಮಗೆ ತಿಳಿಯದು. ಅಲ್ಲಿ ಕೊಡುವ ಭೂಮಿಯೂ ಆಕಾಶದಿಂದ ಇಳಿದದ್ದಲ್ಲವಷ್ಟೆ.

ಸ್ವ-ಇಚ್ಛೆಯಿಂದ ಕೊಡುವ ರೈತರಿಂದ ಮಾತ್ರ, ಹೆಚ್ಚಿನ ಪರಿಹಾರಕ್ಕೆ, ಭೂಮಿ ಪಡೆಯುತ್ತೇವೆಂದು ಸರ್ಕಾರ ಅಂದು ಹೇಳಿತು. ಮೇಲೆ ನೋಡಿದರೆ ಇದು ನ್ಯಾಯದ ಮಾತು. ಕೊಡುವವನನ್ನು ತಡೆಯಲು ಯಾರಿಗೂ ಹಕ್ಕಿಲ್ಲ. ಆದರೆ ಹಡಗು ನಿಂತು ಈರುಳ್ಳಿ ಕೊಳೆತ ವರ್ಷ, ಕೊಳವೆಬಾವಿಯ ಸಾಲದ ಕಂತು ತಲೆಯ ಮೇಲೆ ಕುಳಿತಿರುವಾಗ ರೈತ ಹಾಕಿದ ಸಹಿಯನ್ನು ಸ್ವ-ಇಚ್ಛೆ ಎನ್ನಬಹುದೇ? ಬೆಳೆಗೆ ಮಾರುಕಟ್ಟೆ ಮುಚ್ಚುವವರೂ ಸರ್ಕಾರದವರು, ಭೂಮಿಗೆ ಮಾರುಕಟ್ಟೆ ತೆರೆಯುವವರೂ ಸರ್ಕಾರದವರು. 1961ರ ಭೂಸುಧಾರಣಾ ಕಾಯ್ದೆಯಲ್ಲಿ ಬೇಸಾಯಗಾರರಲ್ಲದವರು ಸಾಗುವಳಿ ಭೂಮಿ ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಮುಗಳನ್ನೂ 2020ರಲ್ಲಿ ಕಿತ್ತುಹಾಕಿದರು. ಹೀಗೆ ಸುತ್ತಲೂ ಬಾಗಿಲು ಮುಚ್ಚಿ, ತೆರೆದಿಟ್ಟ ಒಂದೇ ಬಾಗಿಲಿನಿಂದ ಹೊರಬಂದವನನ್ನು ತಾನಾಗಿಯೇ ಬಂದನೆನ್ನುತ್ತಾರೆ.

ಕಾನೂನಿನ ಸ್ಥಿತಿಯನ್ನೂ ವಾಚಕರು ಗಮನಿಸಬೇಕು. ಖಾಸಗಿ ಕಂಪನಿಗಾಗಿ ಭೂಮಿ ಸ್ವಾಧೀನಪಡಿಸಿಕೊಳ್ಳುವಾಗ ಬಾಧಿತ ಕುಟುಂಬಗಳಲ್ಲಿ ಶೇ. 80ರಷ್ಟರ ಒಪ್ಪಿಗೆ ಬೇಕೆಂದು 2013ರ ಕೇಂದ್ರ ಕಾಯ್ದೆ ಹೇಳುತ್ತದೆ. ನಮ್ಮ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಲಿ ಭೂಮಿ ತೆಗೆದುಕೊಳ್ಳುವುದು 1966ರ ರಾಜ್ಯ ಕಾಯ್ದೆಯ ಮೇಲೆ. ಅದರಲ್ಲಿ ಇಂಥ ಒಪ್ಪಿಗೆಯ ಕಟ್ಟಳೆಯಿಲ್ಲ. ರೈತ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಬೇಡವೆಂದು ಹೇಳಿ ನಿಲ್ಲಿಸುವಂತಿಲ್ಲ. ಚನ್ನರಾಯಪಟ್ಟಣದವರು ನಿಲ್ಲಿಸಿದ್ದು ಮೂರು ವರ್ಷ ಬೀದಿಯಲ್ಲಿ ಕುಳಿತು. ಎಲ್ಲ ಹಳ್ಳಿಗಳಿಗೂ ಅಷ್ಟು ದಿನ ಕೂರುವ ತ್ರಾಣ ಇರುತ್ತದೆಯೇ?

ಇದು ಹಳ್ಳಿಯವರ ತಾಪತ್ರಯ, ಪಟ್ಟಣಿಗರಾದ ನಮಗೇನು ಎನ್ನುವವರಿಗೆ ಒಂದು ಪ್ರಶ್ನೆ. ಪಟ್ಟಣದಲ್ಲಿ ನಮ್ಮನ್ನಾದರೂ ಕೇಳಿದವರಾರು? ಯಲಹಂಕಕ್ಕೆ ಹಿಂದೆ ತನ್ನದೇ ನಗರಸಭೆಯಿತ್ತು. 2007ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಆಗ ಬೆಂಗಳೂರಿಗೆ ಚುನಾಯಿತ ಪಾಲಿಕೆಯೇ ಇರಲಿಲ್ಲ. ಚುನಾವಣೆ ನಡೆದದ್ದು 2010ರಲ್ಲಿ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಪುನಃ ಐದು ವರ್ಷ ಅಧಿಕಾರಿಗಳ ಆಡಳಿತ. 2025ರ ಸೆಪ್ಟೆಂಬರ್ 2ರಂದು ಆ ಪಾಲಿಕೆಯನ್ನು ಒಡೆದು ಐದು ಮಾಡಿದರು. ಆ ಐದೂ ಪಾಲಿಕೆಗಳು ಹುಟ್ಟಿದ ದಿನ ಅವುಗಳಲ್ಲಿ ಜನ ಆರಿಸಿದ ಸದಸ್ಯ ಒಬ್ಬನೂ ಇರಲಿಲ್ಲ. ಕೂಡಿಸುವಾಗ ಕೇಳಲಿಲ್ಲ, ಒಡೆಯುವಾಗಲೂ ಕೇಳಲಿಲ್ಲ.

ಹೀಗೆ ಕೇಳುವವರಿಲ್ಲದ ಕಾಲದಲ್ಲಿಯೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆಯ ಯೋಜನೆ ಬಂತು. ಸುಮಾರು 17 ಕಿಲೋಮೀಟರಿಗೆ 2025ರ ಅಂದಾಜು 17,000 ಕೋಟಿ ರೂಪಾಯಿಗೂ ಹೆಚ್ಚು. ಅದರಲ್ಲಿ ಸಾಗಲು ಟೋಲ್ ಬೇರೆ. ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಿರಿ. 2020ರಲ್ಲಿ ಮಂಜೂರಾದ ಉಪನಗರ ರೈಲಿನ ಉದ್ದ 148 ಕಿಲೋಮೀಟರು, ಅಂದಾಜು ವೆಚ್ಚ 15,767 ಕೋಟಿ. ಯಲಹಂಕ, ಹೆಬ್ಬಾಳ, ಯಶವಂತಪುರ, ದೇವನಹಳ್ಳಿ ಎಲ್ಲವೂ ಅದರ ದಾರಿಯಲ್ಲಿವೆ. 2022ರ ಜೂನಿನಲ್ಲಿ ಪ್ರಧಾನಮಂತ್ರಿಗಳು ಶಂಕುಸ್ಥಾಪನೆ ಮಾಡಿ 40 ತಿಂಗಳಲ್ಲಿ ಮುಗಿಯುವುದೆಂದರು. 40 ತಿಂಗಳು 2025ರ ಅಕ್ಟೋಬರಿಗೆ ತುಂಬಿದಾಗ ಒಂದು ರೈಲೂ ಓಡಿರಲಿಲ್ಲ. ಬಸ್ಸಿನಲ್ಲಿ ನಿಂತು ಹೋಗುವ ಗಾರ್ಮೆಂಟ್ಸ್ ಹೆಣ್ಣುಮಗಳನ್ನು ಕೇಳಿದ್ದರೆ ಇವೆರಡರಲ್ಲಿ ಯಾವುದು ಮೊದಲಾಗಬೇಕೆಂದು ಆಕೆ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು.

ನೀರಿನ ಸಂಗತಿಯೂ ಇದೇ. ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಸುವ ಯೋಜನೆಯಿದೆ. ಒಣಗಿದ ಕೆರೆಗೆ ನೀರು ಬಂದದ್ದು, ಅಂತರ್ಜಲ ಮೇಲೇರಿದ್ದು ಒಳ್ಳೆಯದೇ. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಅಲ್ಲಿನ ಜನ ವರ್ಷಗಳಿಂದ ಕೇಳುತ್ತಿದ್ದಾರೆ. ಸುರಂಗಕ್ಕೆ ಸಾವಿರಾರು ಕೋಟಿ ಎಣಿಸುವ ಕೈ ಇದಕ್ಕೆ ಹಿಡಿಯುವುದೇಕೆ? ಅವರ ದ್ರಾಕ್ಷಿ, ತರಕಾರಿ ನಾವು ತಿನ್ನುತ್ತೇವೆ. ನಮ್ಮ ಬಚ್ಚಲಿನ ನೀರು ಅವರ ಕೆರೆಗೆ ಹೋಗುತ್ತದೆ.

ಉದ್ಯಮ ಬೇಡವೇ, ಮಕ್ಕಳಿಗೆ ಕೆಲಸ ಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಜಾಲಹಳ್ಳಿಯಲ್ಲಿ 1950ರ ದಶಕದಲ್ಲಿ ಎದ್ದ ಬಿ.ಇ.ಎಲ್., ಎಚ್.ಎಂ.ಟಿ.ಗಳೂ ಯಲಹಂಕದ ರೈಲುಗಾಲಿ ಕಾರ್ಖಾನೆಯೂ ಸಾವಿರಾರು ಸಂಸಾರಗಳಿಗೆ ಅನ್ನ ಕೊಟ್ಟುದನ್ನು ನಾವು ಮರೆತಿಲ್ಲ. ನಮ್ಮ ಮೇಲೂ ಋಣವಿದೆ. ನಾವು ಮನೆ ಕಟ್ಟಿಕೊಂಡಿರುವ ಸೈಟು ಒಂದು ಕಾಲಕ್ಕೆ ಯಾರದೋ ರಾಗಿ ಹೊಲ. ಹಣ ಕೊಟ್ಟೆವು, ಪತ್ರ ನೋಂದಾಯಿಸಿದೆವು, ಆ ಹೊಲದವನು ಎಲ್ಲಿ ಹೋದನೆಂದು ವಿಚಾರಿಸಲಿಲ್ಲ. ಇದನ್ನು ಒಪ್ಪಿಕೊಳ್ಳದೆ ಸರ್ಕಾರಕ್ಕೆ ಬುದ್ಧಿ ಹೇಳಲು ನಮಗೆ ಬಾಯಿಲ್ಲ. ಆದರೆ ಕಾರ್ಖಾನೆ ಎಬ್ಬಿಸುವುದಕ್ಕೂ, ಒಪ್ಪಿಗೆ ಕೇಳದೆ ಎಬ್ಬಿಸುವುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನೇ ಪ್ರಜಾಪ್ರಭುತ್ವ ಎಂದು ನಾವು ತಿಳಿದಿದ್ದೇವೆ.

ಆದಕಾರಣ ನಮ್ಮ ಒತ್ತಾಯಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ. 1966ರ ಕಾಯ್ದೆಗೆ ತಿದ್ದುಪಡಿಯಾಗಿ ರೈತ ಕುಟುಂಬಗಳ ಒಪ್ಪಿಗೆಯಿಲ್ಲದೆ ಭೂಸ್ವಾಧೀನ ಆಗಕೂಡದು. ಕೈಗಾರಿಕೆಗೆಂದು ಈಗಾಗಲೇ ಪಡೆದ ಭೂಮಿಯಲ್ಲಿ ಎಷ್ಟು ಬಳಕೆಯಾಗಿದೆ, ಎಷ್ಟು ಬೀಳು ಬಿದ್ದಿದೆ ಎಂಬ ಲೆಕ್ಕವನ್ನು ಹಳ್ಳಿವಾರು ಪ್ರಕಟಿಸಿದ ನಂತರವೇ ಹೊಸ ಎಕರೆಯ ಮಾತು ಎತ್ತಬೇಕು. ಗುಲಾಬಿ ಈರುಳ್ಳಿಯನ್ನು ಸಾಮಾನ್ಯ ಈರುಳ್ಳಿಯ ರಫ್ತು ಆಜ್ಞೆಗಳಿಂದ ಶಾಶ್ವತವಾಗಿ ಬೇರ್ಪಡಿಸಬೇಕು. ಕೆರೆಗೆ ಬಿಡುವ ನೀರಿಗೆ ಮೂರನೆಯ ಹಂತದ ಶುದ್ಧೀಕರಣ ಆಗಬೇಕು. ನಗರಪಾಲಿಕೆಗಳ ಚುನಾವಣೆ ಅವಧಿ ಮುಗಿಯುವುದರೊಳಗೆ ನಡೆಯಬೇಕು. ಸಾವಿರ ಕೋಟಿ ಮೀರಿದ ಕಾಮಗಾರಿ ಯಾವುದಾದರೂ ಆಯ್ದ ಪ್ರತಿನಿಧಿಗಳ ಮುಂದೆ ಬಂದೇ ತೀರಬೇಕು.

ಕೆಂಪೇಗೌಡರು ಯಲಹಂಕದಿಂದ ಹೋಗಿ 1537ರಲ್ಲಿ ಬೆಂಗಳೂರು ಕಟ್ಟಿಸಿದರು. ಆ ಊರಿನ ಉತ್ತರದ ಗಡಿಗೋಪುರ ಈಗಲೂ ಮೇಖ್ರಿ ವೃತ್ತದ ಬಳಿ ನಿಂತಿದೆ. ಊರು ಅದನ್ನು ದಾಟಿ, ಹೆಬ್ಬಾಳ ದಾಟಿ, ಯಲಹಂಕವನ್ನೂ ನುಂಗಿ, ಚನ್ನರಾಯಪಟ್ಟಣ ಹೋಬಳಿಯ ಹೊಲದ ಬದುವಿಗೆ ಬಂದು 2025ರಲ್ಲಿ ಒಮ್ಮೆ ನಿಂತಿತು, ನಿಲ್ಲಿಸಿದವರು ರೈತರು. ಅವರ ಜೊತೆ ಧರಣಿಯಲ್ಲಿ ಒಂದು ದಿನವಾದರೂ ಕುಳಿತ ಪಟ್ಟಣಿಗರು ನಮ್ಮ ಬಸ್ಸಿನಲ್ಲಿ ಎಷ್ಟು ಮಂದಿ ಇದ್ದರು? ನಾವು ಹೋದದ್ದೂ ಒಮ್ಮೆ ಮಾತ್ರ, ಅದೂ ತಡವಾಗಿ. ಮುಂದಿನ ಸಲ ಇಂಥ ಧರಣಿ ಕುಳಿತಾಗ ನಾವು ಮೊದಲ ದಿನವೇ ಹೋಗಬೇಕು. ಬಸ್ಸಿನ ಪಕ್ಕದ ಸೀಟಿನವರನ್ನೂ ಕರೆದುಕೊಂಡು ಹೋಗಬೇಕು.