ಗೌರವ ವಂದನೆ ಯಾರಿಗೆ?

ನಾನು ಕವಾಯತಿನ ವಿರೋಧಿಯಲ್ಲ. ಸಿಂಧನೂರಿನಲ್ಲಿ ಎಷ್ಟೋ ವರ್ಷ ಆಗಸ್ಟ್ 15ಕ್ಕೂ ಜನವರಿ 26ಕ್ಕೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೆಜ್ಜೆ ಹಾಕಲು ಕಲಿಸಿದವಳು. ಪೊಲೀಸರು, ಗೃಹರಕ್ಷಕರು, ಎನ್.ಸಿ.ಸಿ. ಹುಡುಗರ ಹಿಂದೆ ನಮ್ಮ ಮಕ್ಕಳ ತುಕಡಿ ಧ್ವಜದ ಮುಂದೆ ಸಾಗುವಾಗ ಇಂದಿಗೂ ಕಣ್ಣು ಒದ್ದೆಯಾಗುತ್ತದೆ.

ಈ ವಂದನೆಗೊಂದು ಅರ್ಥವಿದೆ. 'ಸಲಾಮಿ ಶಸ್ತ್ರ' ಎಂದೊಡನೆ ಬಂದೂಕು ಎದೆಯ ಮುಂದೆ ನೆಟ್ಟಗೆ ನಿಲ್ಲುತ್ತದೆ. ಈ ಆಯುಧ ನಿಮ್ಮ ಮೇಲೆ ಎತ್ತುವುದಲ್ಲ ಎಂಬ ಮಾತು ಅದು. 'ಶೋಕ ಶಸ್ತ್ರ' ಎಂದರೆ ಬಂದೂಕಿನ ಬಾಯಿ ನೆಲ ನೋಡುತ್ತದೆ. ಗಡಿಯಲ್ಲಿ ಮಡಿದ ಯೋಧನಿಗೆ, ನಿಜಾಮನ ಆಳ್ವಿಕೆಯ ವಿರುದ್ಧ ಹೋರಾಡಿದ ಹಿರಿಯರಿಗೆ ಇದು ಸಲ್ಲಬೇಕಾದದ್ದೇ. ಆದರೆ ಕಾರಿನಿಂದ ಇಳಿದದ್ದಷ್ಟೇ ಸಾಧನೆಯಾದ ಮಂತ್ರಿಗೂ ಅದೇ ವಂದನೆಯೇ?

ಪೊಲೀಸರ ಸಾಲು ಸಾಲದೆಂದು ಮಕ್ಕಳ ಸಾಲೂ ಬೇಕು. ಒಮ್ಮೆ ಲಿಂಗಸುಗೂರು ರಸ್ತೆಯಲ್ಲಿ ಮಂತ್ರಿಯೊಬ್ಬರ ಸ್ವಾಗತಕ್ಕೆ ನಮ್ಮ ಮಕ್ಕಳು ಎರಡು ತಾಸು ಬಿಸಿಲಲ್ಲಿ ನಿಂತರು. ಏಳನೆಯ ತರಗತಿಯ ಹುಡುಗಿ ಕುಸಿದು ಬಿದ್ದಳು. ಕಾರು ನಿಲ್ಲಲೇ ಇಲ್ಲ. ಸಂಜೆ ಅವಳ ಅವ್ವ ಬಂದು, "ಅಕ್ಕೋರ, ಮಗಳ್ನ ಸಾಲಿಗಿ ಕಳ್ಸೀನಿ, ದಾರಿ ಕಾಯಾಕ ಅಲ್ರಿ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಸಾಲಿನಲ್ಲಿ ನಿಲ್ಲಿಸಿದವಳು ನಾನೇ.

ಸಂಪ್ರದಾಯ ಬಿಡಲಾದೀತೇ ಎನ್ನುವವರಿದ್ದಾರೆ. 2021ರ ಆಗಸ್ಟಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ವಿಮಾನ ನಿಲ್ದಾಣದಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ ತಮಗೆ ಗೌರವ ವಂದನೆ ಬೇಡವೆಂದರು. ಅದರಿಂದ ಕುರ್ಚಿಯ ಘನತೆಯೇನೂ ಕುಗ್ಗಲಿಲ್ಲ. 2023ರಲ್ಲಿ ನೆರೆಯ ತಮಿಳುನಾಡು, ಅಂಗಾಂಗ ದಾನ ಮಾಡಿ ತೀರಿಕೊಂಡವರಿಗೆ ಸರ್ಕಾರಿ ಗೌರವದ ಅಂತ್ಯಕ್ರಿಯೆ ಎಂದು ಘೋಷಿಸಿತು. ಗದ್ದುಗೆಯಲ್ಲಿ ಕೂತವರಿಗಲ್ಲ, ಕೊಟ್ಟು ಹೋದವರಿಗೆ ಗೌರವ. ಇದು ಸರಿಯಾದ ಲೆಕ್ಕ.

ನಮಗೆ ಈ ಪಾಠ ಹೊರಗಿನಿಂದ ಬರಬೇಕಿರಲಿಲ್ಲ. ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಪತ್ತೆಯಾದ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಧರ್ಮದ ಫಲ ದೊಡ್ಡವರಿಗೆ ಮಾತ್ರವೆಂದು ತಿಳಿಯಬೇಡಿ, ಸಣ್ಣವರಿಗೂ ಅದು ದೊರೆಯುತ್ತದೆ ಎಂಬುದು ಅದರ ಸಾರ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಇದನ್ನು ವಿವರಿಸುತ್ತೇವೆ. ಆಮೇಲೆ ಅದೇ ಮಕ್ಕಳನ್ನು ದೊಡ್ಡವರಿಗಾಗಿ ಬಿಸಿಲಲ್ಲಿ ನಿಲ್ಲಿಸುತ್ತೇವೆ!

ಧ್ವಜಕ್ಕೆ ವಂದಿಸಲು ನನ್ನ ಮಕ್ಕಳು ಎಂದೂ ಸಿದ್ಧ. ಯಾರದೋ ಕಾರಿಗೆ ವಂದಿಸಲು ಇನ್ನು ಮೇಲೆ ನಾನು ಅವರನ್ನು ಕಳಿಸುವುದಿಲ್ಲ. ನೋಟೀಸು ಬಂದರೆ ಬರಲಿ.