ಕಾರ್ಡ್ ಬಂದ ಮ್ಯಾಲ ಸಮುದ್ರ ಬದಲಾಗಂಗಿಲ್ಲ

1/6
ನೇತ್ರಾಣಿ ಫೋಟೊ ಹಾಕಿದಾಗಿಂದ ಕ್ಲಾಸಿನವರದು ಎರಡೇ ಪ್ರಶ್ನೆ. "ಸ್ಕೂಬಾ ಕೋರ್ಸ್ ಎಷ್ಟ ದಿನದ್ದು?" "ಕಾರ್ಡ್ ಸಿಕ್ಕ ಮ್ಯಾಲ ಎಲ್ಲಿ ಬೇಕಾದಲ್ಲಿ ಇಳೀಬಹುದಾ?" ಮೊದಲನೇದಕ್ಕ ಉತ್ತರ ಸಣ್ಣದು: ಮೂರು-ನಾಲ್ಕು ದಿನ. ಎರಡನೇದಕ್ಕ ಆರು ಕ್ಯಾಪ್ಶನ್ ಬೇಕು, ಸಾವಕಾಶ ಓದ್ರಿ.

ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಸಮುದ್ರದೊಳಗೆ ನೇತ್ರಾಣಿ ದ್ವೀಪ ಇದೆ. ಅಪ್ಪು ಅವರ 'ಗಂಧದ ಗುಡಿ' 2022ರಲ್ಲಿ ಬಂದ ಮೇಲಂತೂ ಎಲ್ಲರಿಗೂ ಅದರ ಹೆಸರು ಗೊತ್ತು. ಅಲ್ಲಿಗೆ ಹೋಗುವ ಹೆಚ್ಚಿನವರು ಮಾಡುವುದು ಟ್ರೈ ಡೈವ್. 12 ಮೀಟರ್ ಒಳಗೇ ಇರುತ್ತಾರೆ, ಇನ್‌ಸ್ಟ್ರಕ್ಟರ್ ಹಿಂದಿನಿಂದ ಸಿಲಿಂಡರ್ ಹಿಡಿದುಕೊಂಡೇ ಇರುತ್ತಾರೆ. ನಾವು ಕ್ಯಾಮೆರಾ ನೋಡಿ ನಕ್ಕರೆ ಸಾಕು. ರೀಲ್ಸ್ ಎಲ್ಲಾ ಅವೇ.

ಓಪನ್ ವಾಟರ್ ಕೋರ್ಸ್ ಬೇರೆ. ಪಾಠ, ಪರೀಕ್ಷೆ, 200 ಮೀಟರ್ ಈಜು, 10 ನಿಮಿಷ ತೇಲುವುದು, ಪೂಲ್‌ನಲ್ಲಿ ಅಭ್ಯಾಸ, ಆಮೇಲೆ ನಾಲ್ಕು ಡೈವ್. ಪಾಸಾದರೆ 18 ಮೀಟರ್‌ವರೆಗೆ ಒಬ್ಬ ಜೊತೆಗಾರನ ಸಂಗಡ, ಇನ್‌ಸ್ಟ್ರಕ್ಟರ್ ಇಲ್ಲದೆ ಇಳಿಯಬಹುದು. ಅಂದ್ರ ಕಾರ್ಡ್ ಬಂದ ಮೇಲೆ ಆಗುವ ದೊಡ್ಡ ಬದಲಾವಣೆ ಒಂದೇ: ಬೆನ್ನ ಹಿಂದಿನ ಕೈ ಹೋಗತೈತಿ.

ನನ್ನ ಮಾತು ಇಷ್ಟು. ಕಷ್ಟ ಶುರುವಾಗೋದು ಅಲ್ಲಿಂದ. ಅದು ಶಾರ್ಕ್ ಅಲ್ಲ, ಬಿರುಗಾಳಿ ಅಲ್ಲ. ಭಾಳ ಸಪ್ಪನ ಸಂಗತಿಗಳು, ಅದಕ್ಕೇ ಯಾರೂ ಹೇಳಂಗಿಲ್ಲ.

2/6 ಭಾರ
ಬಾವ್ಯಾಗ, ಮಲಪ್ರಭಾ ಹೊಳ್ಯಾಗ ಈಜು ಕಲತ ನಮ್ಮೂರ ಹುಡುಗರಿಗೆ ಒಂದು ಧೈರ್ಯ ಇರತೈತಿ: "ನೀರಂದ್ರ ನಮಗೇನ ಹೊಸದು?" ಆ ಧೈರ್ಯ ಬೇಕು. ಆದರೆ ಈಜು ಅಂದರೆ ಕೈಕಾಲು ಬಡಿದು ಮೇಲೆ ಉಳಿಯುವುದು. ಡೈವಿಂಗ್ ಅಂದರೆ ಕೈಕಾಲು ಸುಮ್ಮನಿಟ್ಟು ನಡು ನೀರಿನಲ್ಲಿ ನಿಲ್ಲುವುದು. ಎರಡೂ ಬೇರೆ ವಿದ್ಯೆ.

ಉಪ್ಪು ನೀರು ಪೂಲ್ ನೀರಿಗಿಂತ ಹೆಚ್ಚು ಮೇಲೆ ತಳ್ಳುತ್ತದೆ. ಆದ್ದರಿಂದ ಪೂಲ್‌ನಲ್ಲಿ ಕಟ್ಟಿದ ಸೀಸದ ಲೆಕ್ಕ ಸಮುದ್ರಕ್ಕೆ ನಡೆಯಲ್ಲ. ಹೊಸಬ ಮುಳುಗಲಾರದೆ ಒದ್ದಾಡುತ್ತಾನೆ, ಯಾರೋ ಎರಡು ಕಿಲೋ ಜಾಸ್ತಿ ಕಟ್ಟುತ್ತಾರೆ. ಒಳಗೆ ಹೋದ ಮೇಲೆ ಅದೇ ಭಾರ ಎಳೆಯುತ್ತದೆ. ಜಾಕೆಟ್‌ಗೆ ಗಾಳಿ ತುಂಬು, ಮೇಲೆ ಹೋದೆ, ಗಾಳಿ ಬಿಡು, ಕೆಳಗೆ ಬಂದೆ... ಬಾವ್ಯಾಗಿನ ಕೊಡದಂಗ! ಕಾಲು ಹವಳಕ್ಕೆ ಬಡಿದರೆ ಅದಕ್ಕೂ ಕೇಡು.

ಇನ್ನೊಂದು. ತುಂಬಿದ ಸಿಲಿಂಡರ್ ಡೈವ್ ಮುಗಿಯುವ ಹೊತ್ತಿಗೆ ಸುಮಾರು 2 ಕಿಲೋ ಹಗುರ ಆಗಿರುತ್ತದೆ. ಗಾಳಿಗೂ ತೂಕ ಐತ್ರಿ. ಅದಕ್ಕೇ ಕೊನೆಗೆ 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಬೇಕಾದಾಗ ಹೊಸಬರು ತಾವಾಗಿಯೇ ಮೇಲೆ ತೇಲಿಬಿಡುತ್ತಾರೆ. ಹೀಗಾಗಿ ಭಾರ ನೋಡಿಕೊಳ್ಳುವುದು ಖಾಲಿ ಆಗುತ್ತ ಬಂದ ಸಿಲಿಂಡರ್‌ನಲ್ಲೇ ಸರಿ. ಯಾವ ಸೂಟ್, ಎಷ್ಟು ಕಿಲೋ ಅಂತ ಪ್ರತಿ ಸಲ ಲಾಗ್‌ಬುಕ್‌ನಾಗ ಬರೀರಿ. ಮುಂದಿನ ಬೋಟ್‌ನಾಗ ಆ ಒಂದು ಸಾಲು ನಿಮ್ಮನ್ನ ಕಾಯತೈತಿ.

3/6 ಗಾಳಿ
"ಸಿಲಿಂಡರ್ ಎಷ್ಟ ತಾಸು ಬರತೈತಿ?" ಅಂತ ಕೇಳ್ತಾರ. ತಾಸಿನ ಲೆಕ್ಕ ಇಲ್ಲಿ ಇಲ್ಲ, ಆಳದ ಲೆಕ್ಕ ಐತಿ.

ಪ್ರತಿ 10 ಮೀಟರ್‌ಗೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. 10 ಮೀಟರ್‌ನಲ್ಲಿ ಅದೇ ಉಸಿರಿಗೆ ಎರಡು ಪಟ್ಟು ಗಾಳಿ ಖರ್ಚು, 18 ಮೀಟರ್‌ನಲ್ಲಿ 2.8 ಪಟ್ಟು. ಸಾಮಾನ್ಯ 11 ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ ಅಂದರೆ ಸುಮಾರು 2200 ಲೀಟರ್ ಗಾಳಿ. 50 ಬಾರ್ ಮೀಸಲು ಬಿಟ್ಟರೆ 1650. ಗಾಬರಿಯಾದ ಹೊಸಬ ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯುತ್ತಾನೆ ಅಂತ ಹಿಡಿಯಿರಿ. 18 ಮೀಟರ್‌ನಲ್ಲಿ ಅದು 56 ಲೀಟರ್. ಅರ್ಧ ತಾಸಿಗೂ ಕಡಿಮೆ! ಪಕ್ಕದಲ್ಲಿರುವ ಹಳೆಯ ಡೈವರ್ ಅಷ್ಟೇ ಗಾಳಿಯಲ್ಲಿ ಮುಕ್ಕಾಲು ತಾಸು ಇರಬಹುದು.

ಹೊಸಬರಿಗೆ ಇದು ಅವಮಾನ ಅನಿಸತೈತಿ. "ನನ್ನಿಂದ ಎಲ್ಲಾರೂ ಮ್ಯಾಲ ಬರಬೇಕಾತು" ಅಂತ ಗೇಜ್ ತೋರಿಸದೆ ಸುಮ್ಮನೆ ಇರುತ್ತಾರೆ. ಸುಮ್ಮನಿರೋದು ತಪ್ಪು, ಗಾಳಿ ಬೇಗ ಮುಗಿಯೋದು ತಪ್ಪಲ್ಲ. ಗೈಡ್ ಇದ್ದಾರಲ್ಲ ಅಂತೀರಿ. ಗೈಡ್ ದಾರಿ ತೋರಿಸ್ತಾರ, ಕೇಳ್ತಾರ. ಆದ್ರ ನಿಮ್ಮ ಗೇಜ್ ನೋಡೋ ಕೆಲಸ ನಿಮ್ಮದು. ಕಾರ್ಡ್‌ನ ಅರ್ಥಾನೇ ಅದು.

4/6 ಹೆಬ್ಬೆರಳು
ನಮ್ಮ ಎಲ್ಲಾ ಫೋಟೊದಾಗ ಹೆಬ್ಬೆರಳು ಮೇಲೆ: "ಸೂಪರ್!" ನೀರಿನೊಳಗೆ ಅದರ ಅರ್ಥ "ಮೇಲೆ ಹೋಗೋಣ, ಡೈವ್ ಮುಗೀತು". ಚೆನ್ನಾಗಿದ್ದೇನೆ ಅನ್ನಲು ಹೆಬ್ಬೆರಳು-ತೋರುಬೆರಳು ಕೂಡಿಸಿ ದುಂಡಗೆ ಮಾಡಬೇಕು. ಇದು ಮೊದಲ ದಿನವೇ ಕಲಿಸುವ ಪಾಠ. ಕಷ್ಟ ಇರುವುದು ಕಲಿಯುವುದರಲ್ಲಿ ಅಲ್ಲ, ಬೇಕಾದಾಗ ಆ ಬೆರಳು ಎತ್ತುವುದರಲ್ಲಿ.

ಯಾಕಂದ್ರ ನಾವು ಬೆಳೆದದ್ದೇ ಹಂಗ. "ಸರ್ ಹೇಳ್ಯಾರ", "ದೊಡ್ಡವರು ಮುಂದ ಹೊಂಟಾರ", "ರೊಕ್ಕ ಕೊಟ್ಟೇವಿ". ಮೂಗು ಕಟ್ಟಿ ಕಿವಿ ಬಿಡುತ್ತಿಲ್ಲ, ಆದರೂ ಇಳಿಯುತ್ತೇವೆ. ಒತ್ತಡ ಎರಡು ಪಟ್ಟಾಗುವುದು ಮೊದಲ 10 ಮೀಟರ್‌ನಲ್ಲೇ, ಕಿವಿಗೆ ಪೆಟ್ಟಾಗುವುದೂ ಅಲ್ಲೇ. ನೋವು ಬರುವ ಮೊದಲೇ ಒತ್ತಡ ಸರಿ ಮಾಡಿಕೊಳ್ಳಬೇಕು, ಆಗದಿದ್ದರೆ ಸ್ವಲ್ಪ ಮೇಲೆ ಬರಬೇಕು, ಆಗಲೂ ಆಗದಿದ್ದರೆ ಆ ದಿನ ಡೈವ್ ಇಲ್ಲ. ನೆಗಡಿ ಗುಳಿಗೆ ನುಂಗಿ ಇಳಿದವರಿಗೆ ಒಳಗೆ ಗುಳಿಗೆಯ ಶಕ್ತಿ ಇಳಿದರೆ, ಮೇಲೆ ಬರುವಾಗ ಕಿವಿ ಕಟ್ಟಿಕೊಳ್ಳಬಹುದು.

ನಾನು ಹೋದ ಬೋಟ್‌ಗಳಲ್ಲಿ ಸೂಚನೆ ಹೆಚ್ಚಾಗಿ ಇಂಗ್ಲಿಷ್-ಹಿಂದಿಯಲ್ಲಿ ಇತ್ತು. ಅರ್ಥ ಆಗದೇ ತಲೆ ಅಲ್ಲಾಡಿಸೋದು ಬ್ಯಾಡ. "ಕನ್ನಡದಾಗ ಇನ್ನೊಮ್ಮೆ ಹೇಳ್ರಿ" ಅಂತ ಕೇಳ್ರಿ. ಕರ್ನಾಟಕದ ಸಮುದ್ರದಾಗ ಕನ್ನಡದಾಗ ಕೇಳೋದಕ್ಕ ಸಂಕೋಚ ಯಾಕ? ಯಾರೇ ಆಗಲಿ, ಯಾವಾಗ ಬೇಕಾದರೂ, ಕಾರಣ ಹೇಳದೆ ಡೈವ್ ನಿಲ್ಲಿಸಬಹುದು. ಇದು ಜಗತ್ತಿನ ಎಲ್ಲಾ ಕಡೆ ಡೈವರ್‌ಗಳು ಒಪ್ಪಿದ ನಿಯಮ.

5/6 ಮಳೆಗಾಲ
ಕಾರ್ಡ್‌ಗೆ ಅವಧಿ ಇಲ್ಲ, ಕಲಿತದ್ದಕ್ಕೆ ಇದೆ. ಮಳೆಗಾಲದಲ್ಲಿ ನೇತ್ರಾಣಿ ಬಂದ್. ಮೇ ತಿಂಗಳಲ್ಲಿ ಕಾರ್ಡ್ ತಗೊಂಡವರು ಮತ್ತೆ ನೀರು ನೋಡುವುದು ಬೇಗ ಅಂದರೂ ಅಕ್ಟೋಬರ್‌ಗೆ. ನಮ್ಮಂಥವರಿಗೆ ಪರೀಕ್ಷೆ, ಮನೆಯ ಸುಗ್ಗಿ ಕೆಲಸ, ರೊಕ್ಕದ ಜೋಡಣೆ ಎಲ್ಲಾ ಸೇರಿ ವರ್ಷವೇ ಆಗುತ್ತದೆ. ಅಷ್ಟರಲ್ಲಿ ಮಾಸ್ಕ್‌ನ ನೀರು ತೆಗೆಯುವುದು, ಬಾಯಿಂದ ಜಾರಿದ ರೆಗ್ಯುಲೇಟರ್ ಹುಡುಕುವುದು ಕೈಗೆ ಮರೆತಿರುತ್ತದೆ. ತಲೆಗೆ ನೆನಪಿದ್ದರೂ ಕೈಗೆ ಇರಲ್ಲ.

ಆರು ತಿಂಗಳು ದಾಟಿದರೆ ರಿಫ್ರೆಶರ್ ಮಾಡಿ ಅಂತ ಹೇಳುವುದು ದುಡ್ಡಿನ ಆಟ ಅಂತ ಕೆಲವರು ಅಂತಾರ. ನಾನು ಒಪ್ಪಂಗಿಲ್ಲ. ಐದನೇ ಡೈವ್‌ಗೇ ಅಡ್ವಾನ್ಸ್ಡ್ ಕೋರ್ಸ್ ಸೇರಿ 30 ಮೀಟರ್ ಹೋಗುವುದಕ್ಕಿಂತ, ಆ ರೊಕ್ಕದಲ್ಲಿ 10-12 ಮೀಟರ್‌ನ ನಾಲ್ಕು ಸಾದಾ ಡೈವ್ ಮಾಡುವುದು ಹೊಸಬರಿಗೆ ಹೆಚ್ಚು ಕಲಿಸುತ್ತದೆ. ಬೆಳಕು ಹೆಚ್ಚು, ಮೀನು ಹೆಚ್ಚು, ಗಾಳಿಯೂ ಹೆಚ್ಚು ಹೊತ್ತು.

6/6 ಘಟ್ಟ
ಇದು ಘಟ್ಟದ ಮ್ಯಾಲಿನ ನಮಗ ಮಾತ್ರ ಇರೋ ಸಮಸ್ಯೆ, ಅದಕ್ಕ ಕೊನೆಗೆ ಇಟ್ಟೇನಿ.

ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ಮೈಯಲ್ಲಿ ಕರಗಿರುತ್ತದೆ. ಒತ್ತಡ ಬೇಗ ಇಳಿದರೆ ಗೋಲಿ ಸೋಡಾ ಒಡೆದಂಗ ಗುಳ್ಳೆ ಏಳಬಹುದು. ಆದ್ದರಿಂದ ವಿಮಾನ ಹತ್ತುವ ಮೊದಲು ಒಂದೇ ಡೈವ್ ಆದರೆ ಕನಿಷ್ಠ 12 ತಾಸು, ಹೆಚ್ಚು ಡೈವ್ ಆದರೆ 18 ತಾಸು ಕಾಯಿರಿ ಅಂತ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುತ್ತದೆ. "ನಾವು ಬಸ್ಸಿನವರು, ನಮಗೇನ?" ಅನ್ನಬ್ಯಾಡ್ರಿ. ಆ ಸೂಚನೆ ಸುಮಾರು 600 ಮೀಟರ್ ಎತ್ತರದಿಂದ ಶುರುವಾಗುತ್ತದೆ. ಧಾರವಾಡ, ಬೆಳಗಾವಿ ಎರಡೂ 700 ಮೀಟರ್‌ಗಿಂತ ಮೇಲಿವೆ. ಅಂಕೋಲಾ ದಾಟಿ ಅರಬೈಲ್ ಘಟ್ಟ ಹತ್ತುವುದು ಅಂದರೆ ಒತ್ತಡ ಇಳಿಯುತ್ತ ಹೋಗುವುದೇ.

ಘಟ್ಟ ಹತ್ತಿದವರಿಗೆಲ್ಲಾ ಏನೋ ಆಗತೈತಿ ಅಂತಲ್ಲ. ಆದರೆ ಆದರೆ, ಕೀಲುನೋವು, ಜೋಮು, ವಿಪರೀತ ಸುಸ್ತು ಕಾಣಿಸುವುದು ಎಷ್ಟೋ ತಾಸಿನ ಮೇಲೆ, ನೀವು ಊರು ಮುಟ್ಟಿದಾಗ. ಆಗ ಡಾಕ್ಟರ್‌ಗೆ "ನಿನ್ನೆ ಡೈವ್ ಮಾಡೇನಿ" ಅಂತ ಮೊದಲು ಹೇಳಬೇಕು. ಇದರ ಚಿಕಿತ್ಸೆಗೆ ಆಕ್ಸಿಜನ್, ಒತ್ತಡದ ವಿಶೇಷ ಕೋಣೆ ಬೇಕು, ಅದು ಎಲ್ಲಾ ಊರಾಗ ಸಿಗಂಗಿಲ್ಲ.

ನಮ್ಮ ಹುಡುಗರ ಪ್ಲಾನ್ ಯಾವಾಗಲೂ ಹಿಂಗ: ಶನಿವಾರ ದೇವಸ್ಥಾನ-ಬೀಚ್, ಭಾನುವಾರ ಮುಂಜಾನೆ ಡೈವ್, ಮಧ್ಯಾಹ್ನ ಬಸ್, ಸೋಮವಾರ ಕ್ಲಾಸ್. ಇದನ್ನ ಉಲ್ಟಾ ಮಾಡ್ರಿ. ಶುಕ್ರವಾರ ಸಂಜೆಯೇ ಮುರ್ಡೇಶ್ವರ ಮುಟ್ಟಿ ನಿದ್ದೆ ಮಾಡ್ರಿ, ಶನಿವಾರ ಡೈವ್, ಭಾನುವಾರ ದೇವಸ್ಥಾನ-ಬೀಚ್, ಮಧ್ಯಾಹ್ನದ ಮ್ಯಾಲ ಬಸ್. ಶನಿವಾರ 1 ಗಂಟೆಗೆ ನೀರಿಂದ ಎದ್ದವರಿಗೆ ಘಟ್ಟ ಹತ್ತೋ ಹೊತ್ತಿಗೆ 24 ತಾಸು ದಾಟಿರತೈತಿ. ಖರ್ಚು ಹೆಚ್ಚಂದ್ರ ಒಂದು ರಾತ್ರಿ ರೂಮಿನ ಪಾಲು, ಶುಕ್ರವಾರದ ಒಂದೆರಡು ಪಿರಿಯಡ್.

ಇಷ್ಟೆಲ್ಲಾ ಹೆದರಿಸಿದ್ರ ಯಾರು ಬರ್ತಾರ ಅಂತೀರಾ? ಬರ್ರಿ, ಭಾಳ ಮಂದಿ ಬರ್ರಿ. ಸಂಗೊಳ್ಳಿ, ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗದಿಂದ ಡೈವರ್‌ಗಳ ಒಂದು ಗುಂಪು ಆಗಲಿ, ಒಬ್ಬರ ಗೇಜ್ ಒಬ್ಬರು ಕೇಳೋಣ. ಅಕ್ಟೋಬರ್‌ಗೆ ಹೊಂಟವರು ಕೆಳಗ ಊರ ಹೆಸರು ಬರೀರಿ. ಟ್ರಿಪ್ ಶನಿವಾರನಾ, ಭಾನುವಾರನಾ ಅಂತ ನಾನು ಮೊದಲು ಕೇಳ್ತೇನಿ 😄

#ನೇತ್ರಾಣಿ #ಮುರ್ಡೇಶ್ವರ #ಸ್ಕೂಬಾ #ಹೊಸಡೈವರ್ #ಸಂಗೊಳ್ಳಿ #ಬೈಲಹೊಂಗಲ