ಕಾಪಿ ಪೇಸ್ಟ್ ಟೆಸ್ಟ್‌ಗಳೂ ಮೈನಸ್ ಹತ್ತು ಸಾವಿರ ರೂಪಾಯಿಯೂ

ಹೋದ ತಿಂಗಳು ಆಫೀಸಿನಲ್ಲಿ ಕೋಡ್ ರಿವ್ಯೂ ವಿಷಯಕ್ಕೆ ನನಗೂ ನಮ್ಮ ಸೀನಿಯರ್ ಒಬ್ಬರಿಗೂ ಸ್ವಲ್ಪ ಜೋರಾಗೇ ಮಾತು ನಡೆಯಿತು. ನಾನು ಹದಿನಾಲ್ಕು ಯೂನಿಟ್ ಟೆಸ್ಟ್ ಅಳಿಸಿ, ಅದೇ ಜಾಗದಲ್ಲಿ ಒಂದೇ ಒಂದು ಪ್ಯಾರಾಮೀಟರೈಸ್ಡ್ ಟೆಸ್ಟ್ ಬರೆದಿದ್ದೆ. "ಟೆಸ್ಟ್ ಯಾಕ್ರೀ ಡಿಲೀಟ್ ಮಾಡ್ತೀರಾ? ಇದ್ರೆ ಇರಲಿ ಬಿಡಿ, ಅವೇನು ಅನ್ನ ಕೇಳ್ತಾವಾ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಲ್ಲಿ ಹೇಳಲಾಗದೇ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೇಳುತ್ತವೆ ಸರ್, ಅವೂ ಅನ್ನ ಕೇಳುತ್ತವೆ.

ಈ ಫೀಲ್ಡಿನಲ್ಲಿ ಇಲ್ಲದವರಿಗೆ ಎರಡು ಮಾತು. ಯೂನಿಟ್ ಟೆಸ್ಟ್ ಅಂದರೆ ನಾವು ಬರೆದ ಕೋಡಿನ ಒಂದು ಚಿಕ್ಕ ತುಂಡನ್ನು ಪರೀಕ್ಷಿಸಲು ನಾವೇ ಬರೆಯುವ ಇನ್ನೊಂದು ಕೋಡು. ಇಂಥದ್ದನ್ನು ಕೊಟ್ಟರೆ ಇಂಥದ್ದು ಬರಬೇಕು ಅಂತ ಬರೆದಿಡುವುದು. ಬಂದರೆ ಹಸಿರು, ಬರದಿದ್ದರೆ ಕೆಂಪು. ಅಷ್ಟೇ.

ನಮ್ಮ ಪರೀಕ್ಷೆಗೆ ಕೂತಿದ್ದ ಕೋಡು ಬಹಳ ಬಡಪಾಯಿ. ರೂಪಾಯಿ ಮೊತ್ತಕ್ಕೆ ನಮ್ಮ ಪದ್ಧತಿಯಲ್ಲಿ ಕಾಮಾ ಹಾಕುವುದು. ಅಮೆರಿಕದವರು 100,000 ಅಂತ ಬರೆಯುವುದನ್ನು ನಾವು 1,00,000 ಅಂತ ಬರೆಯುತ್ತೇವಲ್ಲ, ಅದು. ಬಲಗಡೆಯಿಂದ ಮೊದಲು ಮೂರು ಅಂಕಿ, ಆಮೇಲೆ ಎರಡೆರಡು. ಕೋಡೂ ಹಾಗೇ ಇತ್ತು: ಸಂಖ್ಯೆಯನ್ನು ಅಕ್ಷರಗಳ ಸಾಲು ಮಾಡಿಕೊಂಡು, ಕೊನೆಯ ಮೂರನ್ನು ಕತ್ತರಿಸಿ, ಉಳಿದದ್ದನ್ನು ಎರಡೆರಡಾಗಿ ಕತ್ತರಿಸಿ, ನಡುವೆ ಕಾಮಾ ಇಟ್ಟು ಜೋಡಿಸುವುದು. ಒಂದು ಸಣ್ಣ ತಪ್ಪಿತ್ತು. ಮೈನಸ್ ಚಿಹ್ನೆಯನ್ನೂ ಅದು ಒಂದು ಅಂಕಿ ಅಂತಲೇ ಎಣಿಸುತ್ತಿತ್ತು.

ಇದರ ತಮಾಷೆ ನೋಡಿ. ಮೈನಸ್ ಸಾವಿರ ಕೊಟ್ಟರೆ -1,000 ಅಂತ ಸರಿಯಾಗೇ ಬರುತ್ತದೆ. ಮೈನಸ್ ಒಂದು ಲಕ್ಷ ಕೊಟ್ಟರೂ -1,00,000, ಸರಿ. ಆದರೆ ಮೈನಸ್ ಹತ್ತು ಸಾವಿರ ಕೊಟ್ಟರೆ ಮೂರು ಸೊನ್ನೆ ಹೋಯಿತು, 10 ಹೋಯಿತು, ಕೊನೆಗೆ ಮೈನಸ್ ಒಂದೇ ಉಳಿಯಿತು. ಅದಕ್ಕೂ ಒಂದು ಕಾಮಾ ಬಿತ್ತು: -,10,000. ಮೈನಸ್ ನೂರಕ್ಕೂ ಹಾಗೇ, ಮೈನಸ್ ಹತ್ತು ಲಕ್ಷಕ್ಕೂ ಹಾಗೇ. ಅಂದರೆ ಒಂದು ಬಿಟ್ಟು ಒಂದು ಸ್ಥಾನದಲ್ಲಿ ಸರಿ, ಒಂದು ಬಿಟ್ಟು ಒಂದರಲ್ಲಿ ತಪ್ಪು.

ಇದು ರೀಫಂಡ್ ಸ್ಟೇಟ್‌ಮೆಂಟಿನಲ್ಲಿ ಪ್ರಿಂಟ್ ಆಗಿ ಗ್ರಾಹಕರ ಕೈಗೇ ಹೋಯಿತು. ದುಡ್ಡಿನ ಲೆಕ್ಕ ತಪ್ಪಿರಲಿಲ್ಲ, ನಿಜ. ಆದರೆ ದುಡ್ಡಿನ ಕಾಗದದ ಮೇಲೆ ಇಂಥ ಅವತಾರ ಕಂಡರೆ ಉಳಿದ ಅಂಕಿಗಳನ್ನು ಯಾರು ನಂಬುತ್ತಾರೆ?

ಮೀಟಿಂಗ್ ಆಯಿತು. ಪ್ರಶ್ನೆ ಹೋಗಿದ್ದು ಎಲ್ಲಿಗೆ ಅಂದುಕೊಂಡಿರಿ? ನೇರವಾಗಿ ಟೆಸ್ಟಿಂಗ್ ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗಿಗೆ. "ಇಷ್ಟೂ ನೋಡೋಕಾಗ್ಲಿಲ್ವಾ?" ಅಂತ. ಆಕೆ ನೋಡಲು ಬಂದಿದ್ದಳು. "ಮೈನಸ್ ಅಮೌಂಟ್ ಎಲ್ಲ ಚೆಕ್ ಮಾಡ್ಲಾ?" ಅಂತ ನನ್ನನ್ನೇ ಕೇಳಿದ್ದಳು. "ಅದಕ್ಕೆ ಯೂನಿಟ್ ಟೆಸ್ಟ್ ಇದೆ, ಬೇರೆ ನೋಡಿ" ಅಂದವನು ನಾನು. ಮೀಟಿಂಗಿನಲ್ಲಿ ಆಕೆ ಅದನ್ನು ಹೇಳಲಿಲ್ಲ, ತಲೆ ತಗ್ಗಿಸಿ ಕೂತಳು. ನಾನು ಹೇಳಿದೆ, ಆದರೆ ಎರಡು ನಿಮಿಷ ತಡವಾಗಿ. ಆ ಎರಡು ನಿಮಿಷ ಈಗಲೂ ನನ್ನನ್ನು ಚುಚ್ಚುತ್ತದೆ.

ಸೀಟಿಗೆ ಬಂದು ಟೆಸ್ಟ್ ಫೈಲ್ ತೆರೆದೆ. "ಮೈನಸ್ ಹತ್ತು ಸಾವಿರ" ಅಂತ ಹೆಸರಿರುವ ಟೆಸ್ಟ್ ಅಲ್ಲಿ ಠೀವಿಯಿಂದ ಕೂತಿತ್ತು. ಹಸಿರು! ಹತ್ತು ನಿಮಿಷ ದಿಟ್ಟಿಸಿ ನೋಡಿದರೂ ಏನೂ ಹೊಳೆಯಲಿಲ್ಲ. ಆಮೇಲೆ ಕಂಡಿತು. ಹೆಸರು ಮಾತ್ರ ಹತ್ತು ಸಾವಿರ, ಒಳಗೆ ಕೊಟ್ಟಿದ್ದು ಮೈನಸ್ ಸಾವಿರ, ನಿರೀಕ್ಷಿಸಿದ್ದೂ -1,000. ಮೇಲಿನ ಟೆಸ್ಟನ್ನು ಕಾಪಿ ಮಾಡಿ, ಹೆಸರು ಬದಲಿಸಿ, ಮಧ್ಯೆ ಯಾರೋ ಕಾಫಿಗೆ ಕರೆದರು ಅಂತ ಎದ್ದು ಹೋಗಿದ್ದಾರೆ. ಯಾರು ಬರೆದದ್ದು ಅಂತ ಗಿಟ್ ಬ್ಲೇಮ್ ಹಾಕಿದೆ. ನನ್ನದೇ ಹೆಸರು :(

ಈಗ ಹೇಳಿ, ಇದು ಬರೀ ನನ್ನ ಅಜಾಗರೂಕತೆಯಾ? ನನ್ನ ಪಾಲು ನನಗಿರಲಿ. ಆದರೆ ಆ ಫೈಲನ್ನು ಮೂರು ಜನ ರಿವ್ಯೂ ಮಾಡಿದ್ದರು, ಅವರಿಗೂ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಒಂದೊಂದು ಟೆಸ್ಟೂ ಐದು ಸಾಲು. ಹದಿನಾಲ್ಕಕ್ಕೆ ಎಪ್ಪತ್ತು ಸಾಲು. ಅದರಲ್ಲಿ ನಿಜವಾಗಿ ಬದಲಾಗುವುದು ಕೊಡುವ ಸಂಖ್ಯೆ ಮತ್ತು ಬರಬೇಕಾದ ಉತ್ತರ, ಎರಡೇ. ಉಳಿದದ್ದೆಲ್ಲ ಅದೇ ಅದೇ ಅದೇ. ಮೂರನೇ ಟೆಸ್ಟಿನ ಹೊತ್ತಿಗೆ ಕಣ್ಣು ಓದುವುದನ್ನು ನಿಲ್ಲಿಸಿ ಜಾರಲು ಶುರು ಮಾಡುತ್ತದೆ.

ಪ್ಯಾರಾಮೀಟರೈಸ್ಡ್ ಟೆಸ್ಟಿನಲ್ಲಿ ಪರೀಕ್ಷಿಸುವ ಕ್ರಮವನ್ನು ಒಂದೇ ಸಲ ಬರೆಯುತ್ತೇವೆ, ಕೆಳಗೆ ಒಂದು ಪಟ್ಟಿ ಕೊಡುತ್ತೇವೆ. ಎಡಗಡೆ ಕೊಡುವ ಸಂಖ್ಯೆ, ಬಲಗಡೆ ಉತ್ತರ, ಕಿರಾಣಿ ಅಂಗಡಿ ಚೀಟಿಯ ಹಾಗೆ. ಆ ಹದಿನಾಲ್ಕನ್ನು ಹಾಗೆ ಒಂದರ ಕೆಳಗೊಂದು ಬರೆದ ಕೂಡಲೇ -1000 ಎರಡು ಸಲ ಬಂದಿರುವುದು ಕಣ್ಣಿಗೆ ಹೊಡೆಯಿತು. ಮೈನಸ್ ನೂರು ಇಲ್ಲವೇ ಇಲ್ಲ ಅನ್ನುವುದೂ ಕಂಡಿತು. ಐದೈದು ಸಾಲಿನ ಮೂಟೆಗಳ ನಡುವೆ ಇಲ್ಲದಿರುವುದು ಕಾಣಿಸುವುದಿಲ್ಲ, ಪಟ್ಟಿಯಲ್ಲಿ ಕಾಣಿಸುತ್ತದೆ. ನನ್ನ ವಾದ ಇಷ್ಟೇ. ಸಾಲು ಉಳಿಸುವುದಕ್ಕೆ ನಾನು ಇದನ್ನು ಹೇಳುತ್ತಿಲ್ಲ, ಸಾಲಿಗೇನು ಬರ!

ಸೀನಿಯರ್‌ಗಳ ಮೊದಲ ಆಕ್ಷೇಪ: "ಡ್ರೈ ಅನ್ನೋದು ಕೋಡಿಗೆ, ಟೆಸ್ಟಿಗಲ್ಲ. ಟೆಸ್ಟ್ ಓದೋಕೆ ಸುಲಭ ಇರಬೇಕು." ಹಂಟ್ ಮತ್ತು ಥಾಮಸ್ 1999ರಲ್ಲಿ 'ದ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್' ಪುಸ್ತಕದಲ್ಲಿ ಈ ಡ್ರೈ ತತ್ವ ಹೇಳಿದಾಗ ಅವರ ಮಾತು ಇದ್ದದ್ದು ಜ್ಞಾನದ ಬಗ್ಗೆ. ಒಂದು ತಿಳಿವಳಿಕೆ ಸಿಸ್ಟಮ್‌ನಲ್ಲಿ ಒಂದೇ ಕಡೆ ಇರಬೇಕು ಅಂತ. ಇನ್ನು ಓದಲು ಸುಲಭ ಅನ್ನುವುದು... ಎಪ್ಪತ್ತು ಸಾಲು ಸುಲಭವೋ ಹದಿನಾಲ್ಕು ಸಾಲಿನ ಪಟ್ಟಿ ಸುಲಭವೋ ನೀವೇ ಹೇಳಿ.

ಎರಡನೆಯದು: "ಫೇಲ್ ಆದ್ರೆ ಯಾವುದು ಅಂತ ಗೊತ್ತಾಗಲ್ಲ." ಇದು ಒಂದು ಕಾಲಕ್ಕೆ ಸತ್ಯವಾಗಿತ್ತು. 2006ರ ಜೆಯೂನಿಟ್ 4ರಲ್ಲಿ ಈ ಸೌಲಭ್ಯ ಬಂದಾಗ ಇಡೀ ಕ್ಲಾಸನ್ನೇ ಅದಕ್ಕೆ ಒಪ್ಪಿಸಬೇಕಿತ್ತು. ಫೇಲ್ ಆದರೆ ಸೊನ್ನೆ, ಒಂದು, ಎರಡು ಅಂತ ಬರೀ ನಂಬರು ತೋರಿಸುತ್ತಿತ್ತು. ಹೆಸರು ಕೊಡುವ ಅನುಕೂಲ 2012ರಲ್ಲಿ 4.11ಕ್ಕೆ ಬಂತು. 2017ರ ಜೆಯೂನಿಟ್ 5ರಲ್ಲಿ ಒಂದೊಂದು ಮೆಥಡ್ಡಿಗೇ ಪಟ್ಟಿ ಹಚ್ಚಬಹುದು, ಯಾವ ಸಾಲು ಬಿತ್ತು ಅಂತ ಬೆಲೆ ಸಮೇತ ಹೇಳುತ್ತದೆ. ಪೈಥಾನಿನ ಪೈಟೆಸ್ಟ್ ಕೂಡ ಹೇಳುತ್ತದೆ. ಗೋ ಭಾಷೆಯವರಿಗಂತೂ ಟೇಬಲ್ ಇಟ್ಟು ಟೆಸ್ಟ್ ಬರೆಯುವುದೇ ರೂಢಿ. ಹಳೇ ಕಹಿ ಇಟ್ಟುಕೊಂಡು ಹೊಸ ಅಡುಗೆ ಬೇಡ ಅಂದರೆ ಹೇಗೆ?

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನಿಜವಾದ ಆಕ್ಷೇಪ ಅದೇ. ಟೆಸ್ಟ್‌ಗಳ ಸಂಖ್ಯೆ ಕಡಿಮೆಯಾಗುತ್ತದೆ ಅನ್ನುವ ಭಯ! ಸ್ಲೈಡಿನಲ್ಲಿ ಸಾವಿರಾರು ಟೆಸ್ಟ್ ಅಂತ ತೋರಿಸಬೇಕಲ್ಲ. ಸಮಾಧಾನ ಮಾಡಿಕೊಳ್ಳಿ, ಪಟ್ಟಿಯ ಒಂದೊಂದು ಸಾಲೂ ರಿಪೋರ್ಟಿನಲ್ಲಿ ಒಂದೊಂದು ಟೆಸ್ಟ್ ಅಂತಲೇ ಎಣಿಕೆಯಾಗುತ್ತದೆ.

ಹಾಗಂತ ಸಿಕ್ಕಿದ್ದೆಲ್ಲ ಪಟ್ಟಿಗೆ ತುರುಕುವವರ ಜೊತೆಗೂ ನನ್ನ ಜಗಳ ಇದೆ. ಎಂಟು ಕಾಲಮ್ಮು, ಅದರಲ್ಲಿ ಐದು ಬರೀ ಟ್ರೂ ಫಾಲ್ಸು, ಟೆಸ್ಟಿನ ಒಳಗೆ "ಇದು ಟ್ರೂ ಆದರೆ ಹೀಗೆ ನೋಡು, ಇಲ್ಲದಿದ್ದರೆ ಹಾಗೆ ನೋಡು". ಆ ಟೆಸ್ಟಿಗೇ ಇನ್ನೊಂದು ಟೆಸ್ಟ್ ಬೇಕು. ಒಳಗೆ ಇಫ್ ಬರೆಯಬೇಕು ಅನ್ನಿಸಿದರೆ ಅವು ಎರಡು ಬೇರೆ ಟೆಸ್ಟ್‌ಗಳು, ಬಿಡಿಸಿಡಿ. ಇನ್ನು ಕೆಲವರು ಒಂದೇ ಟೆಸ್ಟಿನೊಳಗೆ ಫಾರ್ ಲೂಪ್ ಹಾಕಿ ಮುಗಿಸುತ್ತಾರೆ. ಮೊದಲನೆಯದು ಬಿದ್ದರೆ ಅಲ್ಲೇ ನಿಂತಿತು, ಉಳಿದವುಗಳ ಗತಿ ದೇವರೇ ಬಲ್ಲ.

ಬರೆಯುವಾಗ ನನಗೂ ಒಂದು ಪಜೀತಿ ಆಯಿತು. ಜೆಯೂನಿಟ್‌ನ ಸಿಎಸ್‌ವಿ ಸೋರ್ಸ್‌ನಲ್ಲಿ ಕಾಲಮ್ ಬೇರ್ಪಡಿಸುವುದು ಕಾಮಾ, ನಮ್ಮ ಉತ್ತರದ ತುಂಬಾ ಇರುವುದೂ ಕಾಮಾ! 1,00,000 ಹೋಗಿ ಬರೀ 1 ಆಗಿ ಎಲ್ಲ ಕೆಂಪು. ಬೇರ್ಪಡಿಸುವ ಚಿಹ್ನೆಯನ್ನು ಉದ್ದಗೆರೆಗೆ ಬದಲಿಸಿದ ಮೇಲೆ ಸರಿಹೋಯಿತು.

ಆ ಪಟ್ಟಿಯನ್ನು ಪ್ರಿಂಟ್ ತೆಗೆದು ನಮ್ಮ ಅಕೌಂಟ್ಸ್‌ನ ಹಿರಿಯರೊಬ್ಬರ ಮುಂದೆ ಇಟ್ಟೆ. ಜಾವಾ ಗೀವಾ ಏನೂ ಗೊತ್ತಿಲ್ಲದವರು. ಹಳೇ ಎಪ್ಪತ್ತು ಸಾಲು ತೋರಿಸಿದ್ದರೆ ಎದ್ದು ಹೋಗುತ್ತಿದ್ದರು. ಇದನ್ನು ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಓದಿದರು. "ಏನಪ್ಪಾ, ಪೈಸೆ ರೌಂಡ್ ಮಾಡ್ತೀರಲ್ಲ, ನಲವತ್ತು ಪೈಸೆ ವಾಪಸ್ ಬಂದ್ರೆ ಏನು ಬರುತ್ತೆ ಇದರಲ್ಲಿ?" ಅಂದರು. ಸೀಟಿಗೆ ಬಂದು -0.40 ಅಂತ ಇನ್ನೊಂದು ಸಾಲು ಸೇರಿಸಿ ಓಡಿಸಿದೆ. ಕೆಂಪು. ಸೊನ್ನೆ ಬರಬೇಕಾದಲ್ಲಿ -0 ಅಂತ ಬಂದಿತ್ತು.